ಮಾತಾಡದ ಕಾಯಿ ಕೆರೆಗೆ

ಹೋದ ಮಾಘದಲ್ಲಿ ಕೆಂಕೆರೆಯ ನೆಂಟರೊಬ್ಬರ ಗೃಹಪ್ರವೇಶಕ್ಕೆಂದು ತಿಪಟೂರಿನಿಂದ ಬಾಡಿಗೆ ಕಾರು ಮಾಡಿಕೊಂಡು ಹೊರಟೆ. ಕಾರಿನವನಿಗೆ ದಾರಿ ಗೊತ್ತಿರಲಿಲ್ಲ. ಗೊತ್ತಿರಬೇಕೆಂದು ಅವನಿಗೆ ಅನ್ನಿಸಿಯೂ ಇರಲಿಲ್ಲ. ಫೋನನ್ನು ಎದುರಿಗೆ ಸಿಕ್ಕಿಸಿಕೊಂಡು, ಅದರೊಳಗಿನ ಹೆಂಗಸು ಎಡಕ್ಕೆ ಅಂದರೆ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ ತಿರುಗಿಸುತ್ತಿದ್ದ. ಚಿಕ್ಕನಾಯಕನಹಳ್ಳಿ ದಾಟಿದ ಮೇಲೆ ಒಂದು ಕವಲಿನಲ್ಲಿ, ಇದು ದಾರಿಯಲ್ಲ, ನೇರ ಹೋಗಪ್ಪ ಎಂದೆ. ಅವನು ನಕ್ಕು, ಇದರಲ್ಲಿ ಹತ್ತು ನಿಮಿಷ ಉಳಿಯುತ್ತೆ ಸಾರ್ ಎಂದ. ಆ ನಗುವನ್ನು ನಾನು ಎಲ್ಲೋ ನೋಡಿದ್ದೆ. ಎಲ್ಲಿ ಎಂದು ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ತೋಟಗಳ ನಡುವಿನ ಗಾಡಿಜಾಡಿನಲ್ಲಿ ಕುಲುಕಾಡಿಕೊಂಡು ಹೋದ ಕಾರು ಒಂದು ಕೆರೆ ಏರಿಯ ಮೇಲೆ ಹತ್ತಿ ನಿಂತಿತು. ಮುಂದೆ ದಾರಿ ಇರಲಿಲ್ಲ. ಫೋನಿನ ಹೆಂಗಸು ಮಾತ್ರ ನೇರ ಹೋಗಿ ಎನ್ನುತ್ತಲೇ ಇದ್ದಳು. ಎದುರಿಗೆ ಒಣಗಿದ ಕೆರೆಯ ಅಂಗಳ, ಆಚೆ ದಡದಲ್ಲಿ ಪಾಳ್ಯದ ಹೆಂಚಿನ ಮನೆಗಳು, ಒಂದು ಪಕ್ಕಕ್ಕೆ ತೂಬಿನ ಕಲ್ಲುಕಂಬ, ಅದರ ಹಿಂದೆ ನಡುವೆ ಸೀಳಿದಂತಿರುವ ಗುಡ್ಡ. ಕೆಳಗೆ ಯಾರೋ ಕಾಯಿಮಟ್ಟೆಗೆ ಬೆಂಕಿ ಹಾಕಿದ್ದರು. ಆ ಹೊಗೆ ಮೂಗಿಗೆ ಬಡಿಯಿತು. ನಲವತ್ತು ವರ್ಷಗಳಿಂದ ನಾನು ಸುತ್ತುದಾರಿ ಹಿಡಿದು ತಪ್ಪಿಸಿಕೊಳ್ಳುತ್ತಿದ್ದ ಜಾಗಕ್ಕೆ ಬಂದು ನಿಂತಿದ್ದೆ.

ಕೆರೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆಯದಿರುವುದು ಕೆರೆಯ ಮಾನ ಉಳಿಸಲಿಕ್ಕಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ನನಗೆ ಇಪ್ಪತ್ತನಾಲ್ಕು ವಯಸ್ಸು. ಇಲಾಖೆಯಲ್ಲಿ ಕಿರಿಯ ಎಂಜಿನಿಯರ್, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಚಿಕ್ಕನಾಯಕನಹಳ್ಳಿಯಲ್ಲಿ ಒಂದು ಕೋಣೆ, ಒಂದು ಸೈಕಲ್ಲು, ಎರಡು ಜೊತೆ ಪ್ಯಾಂಟು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅನ್ನುತ್ತಾರಲ್ಲ, ಆ ಅಗಸನನ್ನು ನೋಡಬೇಕಿದ್ದರೆ ಆಗ ನನ್ನನ್ನು ನೋಡಬೇಕಿತ್ತು. ಬೆಳಿಗ್ಗೆ ಆರಕ್ಕೇ ಅಂಗಿಗೆ ಇಸ್ತ್ರಿ ಹಾಕಿಕೊಂಡು, ಜೇಬಿಗೆ ಮೂರು ಬಣ್ಣದ ಪೆನ್ನು ಸಿಕ್ಕಿಸಿಕೊಂಡು ತಯಾರಾಗಿರುತ್ತಿದ್ದೆ.

ಆ ವರ್ಷ ಉತ್ತರೆಯಲ್ಲಿ ಹಿಡಿದ ಮಳೆ ಹಸ್ತ ಕಳೆದು ಚಿತ್ತೆ ಬಂದರೂ ಬಿಡಲಿಲ್ಲ. ಬಹಳ ವರ್ಷಗಳ ಮೇಲೆ ಕೆರೆ ತುಂಬಿ ಕೋಡಿ ಬಿತ್ತು. ಕೋಡಿ ನೀರು ನೋಡಲು ಜನ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ತೋಟಗಳಲ್ಲಿ ಮಳೆಗೆ ನೆಂದ ಮಟ್ಟೆಯ ಕಮಟು, ರಾಗಿ ಹೊಲಗಳಲ್ಲಿ ಮೊಣಕಾಲೆತ್ತರದ ಪೈರು. ಕೆರೆಯಾಚೆಯ ಪಾಳ್ಯದವರಿಗೆ ಮಾತ್ರ ತೊಂದರೆ. ಬಸ್ಸು ನಿಲ್ಲುವ ರಸ್ತೆ ಏರಿಯ ಈಚೆಗಿತ್ತು, ಕೋಡಿ ಹರಿದು ಕಾಲುದಾರಿ ಕೊಚ್ಚಿಹೋಗಿತ್ತು. ಸಂತೆಗೆ, ಕೂಲಿಗೆ, ಆಸ್ಪತ್ರೆಗೆ ಎಲ್ಲದಕ್ಕೂ ಅವರು ಹರಿಗೋಲು ಹತ್ತಿಯೇ ದಾಟಬೇಕಿತ್ತು. ಹರಿಗೋಲು ಮೂಡ್ಲಯ್ಯನವರದು.

ಈಗ ಬರೆಯುವಾಗ ಮೂಡ್ಲಯ್ಯನವರು ಎಂದು ಬರೆಯುತ್ತಿದ್ದೇನೆ. ಆಗ ಅರವತ್ತು ದಾಟಿದ ಆ ಮನುಷ್ಯನನ್ನು ಬಾರಯ್ಯ ಹೋಗಯ್ಯ ಎಂದೇ ಕರೆಯುತ್ತಿದ್ದೆ. ಅವರು ನನ್ನನ್ನು ಸ್ವಾಮಿ ಎನ್ನುತ್ತಿದ್ದರು. ಇದರಲ್ಲಿ ತಪ್ಪೇನಾದರೂ ಇದೆ ಎಂದು ನನಗೆ ಹೊಳೆದಿರಲಿಲ್ಲ.

ಮಳೆ ನಿಂತು ಕಾರ್ತಿಕ ಬಂದಾಗ ಮೇಲಿನ ಆಫೀಸಿನಿಂದ ಆದೇಶ ಬಂತು. ಕೆರೆ ತುಂಬಿರುವಾಗಲೇ ಅದರ ಆಳ ಅಳೆದು, ಎಷ್ಟು ಹೂಳು ತುಂಬಿದೆ ಎಂದು ನಕ್ಷೆ ಮಾಡಬೇಕು. ಆದೇಶದ ಹಿಂದೆಯೇ ಲಾರಿಯಲ್ಲಿ ಒಂದು ತಗಡಿನ ದೋಣಿ, ಅದಕ್ಕೊಂದು ಮೋಟಾರು, ಮೋಟಾರು ನಡೆಸಲು ರುದ್ರೇಶ ಎಂಬ ಮೆಕ್ಯಾನಿಕ್ಕು, ಜೊತೆಗೆ ಹುಲ್ಲಿನಲ್ಲಿ ಹೂತಿಟ್ಟ ಒಂದು ಮರದ ಪೆಟ್ಟಿಗೆ. ಪೆಟ್ಟಿಗೆಯೊಳಗಿದ್ದುದು ಆಳ ನೋಡುವ ಯಂತ್ರ. ದೋಣಿಯ ಅಂಚಿಗೆ ಒಂದು ಕಬ್ಬಿಣದ ಪೈಪನ್ನು ಬಿಗಿದು ನೀರಿಗೆ ಇಳಿಬಿಟ್ಟರೆ ಅದರ ತುದಿಯಿಂದ ಸದ್ದು ಹೊರಟು, ತಳಕ್ಕೆ ಬಡಿದು ಮೇಲೆ ಬರುತ್ತದೆ. ಲಾರಿ ಬ್ಯಾಟರಿಯ ಬಲದಲ್ಲಿ ಒಂದು ಸೂಜಿ ಕಾಗದದ ಸುರುಳಿಯ ಮೇಲೆ ಸುಡುತ್ತಾ ಓಡಾಡಿ ಕೆರೆಯ ತಳವನ್ನು ಕಪ್ಪು ಗೆರೆಯಾಗಿ ಬರೆಯುತ್ತದೆ. ಆ ಸುಟ್ಟ ಕಾಗದದ ವಾಸನೆಗೆ ನಾನು ಮರುಳಾಗಿಬಿಟ್ಟೆ. ಕಣ್ಣಿಗೆ ಕಾಣದ ತಳ ಕೈಯಲ್ಲಿ ಹಿಡಿದ ಕಾಗದದ ಮೇಲೆ ಮೂಡುವುದು ನನಗೆ ದೇವರ ದರ್ಶನದ ಹಾಗಿತ್ತು.

ಮೊದಲ ದಿನ ಮೂಡ್ಲಯ್ಯನವರನ್ನೂ ದೋಣಿಗೆ ಹತ್ತಿಸಿಕೊಂಡೆ. ಪಂದ್ಯ ಕಟ್ಟುವ ಮನಸ್ಸಿತ್ತು. ಯಂತ್ರ ಹನ್ನೊಂದು ಅಡಿ ಎಂದು ತೋರಿಸಿದ ಕಡೆ ಅವರು ತಮ್ಮ ಬಿದಿರು ಗಳವನ್ನು ಇಳಿಸಿ, ಮೊಳ ಎಣಿಸಿ, ಹೆಚ್ಚುಕಡಿಮೆ ಅಷ್ಟೇ ಎಂದರು. ಆಮೇಲೆ ಗಳವನ್ನು ಸ್ವಲ್ಪ ಒತ್ತಿ, ಕೆಳಗೆ ಮೆತ್ತನೆ ಗೋಡು ಐತೆ, ಎರಡು ಗೇಣು, ಅದರ ಕೆಳಗೆ ಗಟ್ಟಿ ಮಣ್ಣು ಎಂದರು. ಅದು ಯಂತ್ರ ಹೇಳಿರಲಿಲ್ಲ. ಅವರು ಕಾಗದದ ಗೆರೆಯನ್ನು ಬಹಳ ಹೊತ್ತು ನೋಡಿದರು. ನಾನು ಹೊಗಳಿಕೆಗೆ ಕಾಯುತ್ತಿದ್ದೆ.

"ಎಷ್ಟು ಆಳ ಅಂತ ಹೇಳ್ತೈತೆ ಸ್ವಾಮಿ, ಒಪ್ಕಂಡೆ. ಏನೈತೆ ಅಂತ ಹೇಳಲ್ಲ" ಎಂದರು.

ನನಗೆ ಅದು ಹೊಟ್ಟೆಕಿಚ್ಚಿನ ಮಾತಿನ ಹಾಗೆ ಕೇಳಿತು. ರುದ್ರೇಶನ ಕಡೆ ನೋಡಿ ನಕ್ಕೆ. ಕಾರಿನವನ ಮುಖದಲ್ಲಿ ನಾನು ನೋಡಿದ್ದು ಆ ನಗುವನ್ನೇ.

ಪಾಳ್ಯದ ಮುಂದಿನ ನೀರಿನಲ್ಲಿ ಒಂದು ವಿಚಿತ್ರವಿತ್ತು. ನೀರಿನ ಮೇಲೆ ಸಾಲು ಸಾಲಾಗಿ ತೆಂಗಿನಕಾಯಿಗಳು ತೇಲುತ್ತಿದ್ದವು. ಗಾಳಿ ಬೀಸಿದರೂ ಅವು ಎಲ್ಲಿಗೂ ಹೋಗುತ್ತಿರಲಿಲ್ಲ. ನಿಂತಲ್ಲೇ ತಲೆಯಾಡಿಸುತ್ತಿದ್ದವು. ಕೇಳಿದಾಗ ಮೂಡ್ಲಯ್ಯನವರು ಅಲ್ಲಿ ತಮ್ಮ ತೋಟವಿತ್ತು ಎಂದರು. ಅವರ ತಂದೆ ಇಟ್ಟ ತೋಟ. ಹಿಂದೆ ಏರಿಯನ್ನು ಎತ್ತರಿಸಿದಾಗ ನೀರು ಅಲ್ಲಿಯವರೆಗೂ ಬಂದು ಮರಗಳು ನಿಂತಲ್ಲೇ ಸತ್ತವು, ಸುಳಿ ಉದುರಿ ಬರಿ ಬೊಡ್ಡೆಗಳಾದವು. ತೊಲೆಗಾಗಲಿ ಎಂದು ಅವನ್ನು ಕಡಿದದ್ದು ಎದೆಮಟ್ಟದ ನೀರಿನಲ್ಲಿ ನಿಂತುಕೊಂಡು. ಹಾಗಾಗಿ ಎದೆಯೆತ್ತರದ ಮೋಟುಗಳು ಕೆಳಗೇ ಉಳಿದುಬಿಟ್ಟಿದ್ದವು. ಈಗ ಕೆರೆ ತುಂಬಿ, ಒಂದೊಂದು ಮೋಟೂ ನೀರಿನಡಿ ಒಂದು ಗೇಣಿನಲ್ಲಿ ಕಾಯುತ್ತಾ ನಿಂತಿತ್ತು. ಅದಕ್ಕೇ ಪ್ರತಿ ಮೋಟಿಗೂ ತೆಂಗಿನ ನಾರಿನ ಹಗ್ಗ ಕಟ್ಟಿ, ಹಗ್ಗದ ತುದಿಗೆ ಒಂದೊಂದು ಕಾಯಿ ತೇಲಿಬಿಟ್ಟಿದ್ದರು.

ಕಾಯಿಗಳನ್ನು ಆರಿಸುವುದನ್ನು ಅವರ ಮನೆಯ ಜಗುಲಿಯ ಮೇಲೆ ಕೂತು ಒಂದು ಸಂಜೆ ನೋಡಿದೆ. ನಮ್ಮ ಕಡೆಯವರಿಗೆ ಹೇಳಬೇಕಾದ್ದೇ ಇಲ್ಲ, ಉಂಡೆ ಕೊಬ್ಬರಿಗೆಂದು ಕಾಯನ್ನು ಸಿಪ್ಪೆಸಮೇತ ಅಟ್ಟದ ಮೇಲೆ ಹಾಕಿದರೆ ವರ್ಷದ ಹತ್ತಿರಕ್ಕೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಕಳಚಿಕೊಂಡು ಉಂಡೆಯಾಗಿ ಗಲಗಲ ಅನ್ನುತ್ತದೆ. ಒಳಗೇ ಕೆಟ್ಟುಹೋದ ಕಾಯಿ ಸದ್ದು ಮಾಡುವುದಿಲ್ಲ. ಮೂಡ್ಲಯ್ಯನವರು ಒಂದೊಂದು ಕಾಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಸದ್ದು ಮಾಡಿದ್ದು ಬಲಕ್ಕೆ, ಮಾಡದ್ದು ಎಡಕ್ಕೆ. "ಮಾತಾಡೋ ಕಾಯಿ ಮನೆಗೆ, ಮಾತಾಡದ ಕಾಯಿ ಕೆರೆಗೆ" ಎಂದು ನಕ್ಕರು.

ಬಲಗಡೆಯ ಕಾಯಿಗಳು ಅವರ ಮಗಳು ಕೆಂಪಮ್ಮನ ಕೈಗೆ ಹೋಗುತ್ತಿದ್ದವು. ಆಗಿನ್ನೂ ಇಪ್ಪತ್ತರ ಹುಡುಗಿ, ಮದುವೆ ಗೊತ್ತಾಗಿತ್ತು. ಸುಲಿದ ಕಾಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಮಚ್ಚಿನ ಹಿಂಬದಿಯಿಂದ ಸುತ್ತಲೂ ನಾಲ್ಕು ಏಟು ಕೊಟ್ಟರೆ ಚಿಪ್ಪು ಎರಡು ಹೋಳಾಗಿ ಬಿದ್ದು, ಗೀರೂ ಬೀಳದ ಕೊಬ್ಬರಿ ಉಂಡೆ ಅವಳ ಮಡಿಲಿಗೆ ಉರುಳುತ್ತಿತ್ತು. ಏಟು ತುಸು ಜೋರಾದರೆ ಉಂಡೆ ಸೀಳುತ್ತದೆ, ಸೀಳಿದ ಕೊಬ್ಬರಿಯನ್ನು ಸಾಹುಕಾರರು ಪಕ್ಕಕ್ಕೆ ಎಸೆಯುತ್ತಾರೆ. ಕೆಂಪಮ್ಮನ ಕೈಯಲ್ಲಿ ಉಂಡೆ ಸೀಳಿದ್ದನ್ನು ಯಾರೂ ನೋಡಿಲ್ಲವಂತೆ. ಕೊಬ್ಬರಿ ಒಡೆಯುವ ಕಾಲದಲ್ಲಿ ಸುತ್ತಲಿನ ತೋಟದವರು ಅವಳಿಗೆ ಮೊದಲೇ ಹೇಳಿಕಳಿಸುತ್ತಿದ್ದರು. ಆ ಬಲಗೈಯನ್ನು ನಾನು ಅವತ್ತು ಬೆರಗಿನಿಂದ ನೋಡಿದ್ದೆ.

ಅಳತೆ ಶುರುವಾಗಿ ಎಂಟು ದಿನಕ್ಕೆ ನಮ್ಮ ದೋಣಿ ಪಾಳ್ಯದ ಮುಂದಿನ ನೀರಿಗೆ ಬಂತು. ಮೂಡ್ಲಯ್ಯನವರು ಬೀಗರ ಮನೆಯ ಮದುವೆ ಮಾತಿಗೆಂದು ಅರಳಗುಪ್ಪೆಗೆ ಹೋಗಿದ್ದರು. ನಾನು ಬರೋವರೆಗೆ ತೋಟದ ನೀರಿಗೆ ಮಾತ್ರ ಇಳಿಯಬೇಡಿ ಎಂದು ಹೇಳಿಹೋಗಿದ್ದರು. ಅವರಿಗಾಗಿ ಮೂರು ದಿನ ಕಾಯುವುದೇ? ನಾನು ಎಂಜಿನಿಯರ್. ದೋಣಿ ಇಳಿಸಿದೆ. ಐದು ನಿಮಿಷಕ್ಕೆ ಒಂದು ಕಾಯಿಯ ಹಗ್ಗ ಮೋಟಾರಿನ ರೆಕ್ಕೆಗೆ ಸುತ್ತಿಕೊಂಡು ಮೋಟಾರು ಕೆಮ್ಮಿ ನಿಂತಿತು. ಬಿಡಿಸಿ ಹೊರಟರೆ ಇನ್ನೊಂದು. ಮಧ್ಯಾಹ್ನದವರೆಗೆ ಹೀಗೇ ಆಯಿತು. ಏರಿಯ ಮೇಲೆ ಎಮ್ಮೆ ಕಾಯುತ್ತಿದ್ದವರು ಕೂತು ನೋಡಿ ನಗುತ್ತಿದ್ದರು.

ನನಗೆ ರೇಗಿತು. ರುದ್ರೇಶನ ಹತ್ತಿರ ಚಾಕು ಇಸಿದುಕೊಂಡೆ. ಅವನು, ಬೇಡ ಸಾರ್, ಆ ಯಜಮಾನ್ರು ಬರಲಿ ಎಂದ. ಯಂತ್ರ ಇರುವಾಗ ಈ ಕೆಟ್ಟ ಕಾಯಿಗಳು ಯಾಕಯ್ಯ ಎಂದೆ. ಮೋಟಾರು ನಿಲ್ಲಿಸಿ ಹುಟ್ಟು ಹಾಕಿಸಿಕೊಂಡು, ಒಂದೊಂದಾಗಿ ಮೂವತ್ತೆರಡು ಕಾಯಿಗಳ ಹಗ್ಗ ಕೊಯ್ದೆ. ಬೇರೆ ಯಾರ ಕೈಯಲ್ಲೂ ಕೊಯ್ಯಿಸಲಿಲ್ಲ, ನಾನೇ ಕೊಯ್ದೆ. ಕಾಯಿಗಳು ತೇಲಿಕೊಂಡು ಏರಿಯ ಬುಡಕ್ಕೆ ಹೋದವು. ಹೆಂಗಸರು ಒಲೆಗೆ ಆಗುತ್ತೆ ಎಂದು ಆರಿಸಿಕೊಂಡು ಹೋದರು. ನೀರು ಚೊಕ್ಕಟವಾಯಿತು. ಆಮೇಲೆ ದೋಣಿ ನೇರ ಗೆರೆಯಲ್ಲಿ ಮೂರು ಸಲ ಅಡ್ಡ ಹಾಯಿತು. ಏನೂ ತಗುಲಲಿಲ್ಲ. ಕಾಗದದ ಮೇಲೆ ತಳದ ಗೆರೆ ಬೆಣ್ಣೆ ಸವರಿದಷ್ಟು ನುಣ್ಣಗೆ ಬಂತು. ಯಂತ್ರಕ್ಕೆ ಕಾಣುವುದು ತನ್ನ ನೇರ ಕೆಳಗಿನ ಅಂಗೈಯಗಲ ಮಾತ್ರ, ಮೂವತ್ತು ಅಡಿಗೊಂದರಂತೆ ನಿಂತ ಮೋಟುಗಳ ನಡುವೆ ಅದು ಸುಲಭವಾಗಿ ನುಸುಳಿ ಹೋಗಬಹುದು ಎಂಬುದು ಪುಸ್ತಕದಲ್ಲೇ ಬರೆದಿತ್ತು. ನಾನು ಓದಿಯೂ ಇದ್ದೆ. ಅದಕ್ಕಿಂತ ಹೆಚ್ಚಾಗಿ ಗೆರೆಯನ್ನು ನಂಬಿದ್ದೆ.

ಅದಾದ ಎರಡನೆಯ ಬೆಳಿಗ್ಗೆ ಸೋಮವಾರ, ಸಂತೆಯ ದಿನ. ಕೆರೆಯ ಮೇಲೆ ದಟ್ಟ ಮಂಜು. ಕಾವಳ ಎನ್ನುತ್ತಾರೆ ಅಲ್ಲಿ. ತೂಬಿನ ಕಂಬವೂ ಇಲ್ಲ, ಗುಡ್ಡವೂ ಇಲ್ಲ, ಹತ್ತು ಮಾರು ಆಚೆಗೆ ಲೋಕವೇ ಇಲ್ಲ. ನಾವು ಹಿಂದಿನ ಸಂಜೆ ದೋಣಿಯನ್ನು ಪಾಳ್ಯದ ದಡದಲ್ಲೇ ಕಟ್ಟಿ ಅಲ್ಲಿಯ ಶಾಲೆಯಲ್ಲಿ ಮಲಗಿದ್ದೆವು. ಮೂಡ್ಲಯ್ಯನವರು ರಾತ್ರಿ ಹೊತ್ತಾಗಿ ಊರಿಗೆ ಬಂದಿದ್ದರು. ನೀರಿನ ಕಡೆ ಇನ್ನೂ ನೋಡಿರಲಿಲ್ಲ. ನೋಡಿದ್ದರೂ ಆ ಮಂಜಿನಲ್ಲಿ ಕಾಣುತ್ತಿರಲಿಲ್ಲ.

ದಡದಲ್ಲಿ ಏಳೆಂಟು ಜನ ಗಂಟುಮೂಟೆ ಹಿಡಿದು ನಿಂತಿದ್ದರು. ಕಾವಳ ಕರಗಲಿ, ಆಮೇಲೆ ದಾಟಿಸುತ್ತೇನೆ ಎಂದು ಮೂಡ್ಲಯ್ಯನವರು ಹರಿಗೋಲಿನ ಪಕ್ಕ ಬೀಡಿ ಹಚ್ಚಿ ಕುಕ್ಕರಗಾಲಿನಲ್ಲಿ ಕೂತುಬಿಟ್ಟಿದ್ದರು. ಬಸ್ಸು ತಪ್ಪುತ್ತದೆ ಎಂದು ಜನ ಗೊಣಗುತ್ತಿದ್ದರು. ಕೆಂಪಮ್ಮನಿಗೂ ಅವತ್ತು ರಸ್ತೆಯಾಚೆಯ ತೋಟದಲ್ಲಿ ಕೊಬ್ಬರಿ ಒಡೆಯುವ ಕೆಲಸವಿತ್ತು. ನಾನು ಮುಂದೆ ಬಂದು, ನಮ್ಮ ದೋಣಿಗೆ ಹತ್ತಿ, ಯಂತ್ರಕ್ಕೆ ಮಂಜೂ ಒಂದೇ ಬಿಸಿಲೂ ಒಂದೇ ಎಂದೆ. ಸರ್ಕಾರದ ದೋಣಿಗೆ ಜನರನ್ನು ಹತ್ತಿಸಬಾರದೆಂಬ ನಿಯಮ ನನಗೆ ಗೊತ್ತಿತ್ತು. ಅವರ ಕಷ್ಟಕ್ಕೆ ಮರುಗಿ ಹಾಗೆ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜ ಅದಲ್ಲ. ಆ ಮುದುಕ ಕೂತು ಕಾಯುತ್ತಿರುವಾಗ ನಾನು ದಾಟಿಸಿ ತೋರಿಸಬೇಕಿತ್ತು.

ಮೂಡ್ಲಯ್ಯನವರು ಎದ್ದು ಬಂದರು. ಜನರಿಗೆ ಕೇಳದ ಹಾಗೆ, ಮೆಲ್ಲಗೆ ಹೇಳಿದರು.

"ಅರ್ಧ ಗಂಟೆ ತಡ್ಕಳಿ ಸ್ವಾಮಿ. ಹೋಗ್ಲೇಬೇಕು ಅಂದ್ರೆ ಕಾಯಿ ನೋಡ್ಕಂಡು ಹೋಗಿ. ಎರಡು ಕಾಯಿ ಮಧ್ಯಕ್ಕೆ ದೋಣಿ ಬುಡಿ, ಕಾಯಿ ಮೇಲೆ ಬುಡ್ಬೇಡಿ."

ಕಾಯಿ ಇಲ್ಲ, ಕೊಯ್ದುಬಿಟ್ಟಿದ್ದೇನೆ ಎಂದು ಆಗಲಾದರೂ ಹೇಳಬಹುದಿತ್ತು. ಐದು ಜನ ಆಗಲೇ ದೋಣಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ಆಗಲಿ ಬಿಡಯ್ಯ ಎಂದು ಹತ್ತಿದೆ. ಕೆಂಪಮ್ಮ ಕೊನೆಯವಳಾಗಿ ಹತ್ತಿ ಅಂಚಿನಲ್ಲಿ, ಯಂತ್ರದ ಪೈಪಿನ ಪಕ್ಕದಲ್ಲಿ ಕೂತಳು. ಅಪ್ಪ ಬೇಡವೆಂಬಂತೆ ನೋಡಿದಾಗ, ಎಂಜಿನೀರ್ ಸ್ವಾಮಿಯೋರೇ ಇದ್ದಾರಲ್ಲಪ್ಪ ಎಂದಳು.

ಸೂಜಿ ಐದು ಅಡಿ, ಐದು ಅಡಿ, ಐದು ಅಡಿ ಎಂದು ಬರೆಯುತ್ತಿತ್ತು. ನಾನು ಕಾಗದದ ಮೇಲೆ ಬಗ್ಗಿದ್ದೆ. ಸಲೀಸಾಗಿದೆ, ಬಿಡು ಎಂದು ರುದ್ರೇಶನಿಗೆ ಹೇಳಿದೆ. ಅವನು ಮೋಟಾರಿಗೆ ವೇಗ ಕೊಟ್ಟ. ಐದು ಅಡಿ ಎಂದು ಬರೆಯುತ್ತಿರುವಾಗಲೇ ನೀರಿಗಿಳಿದ ಪೈಪು ಒಂದು ಮೋಟಿಗೆ ಬಡಿಯಿತು. ಪೈಪು ಹಿಂದಕ್ಕೆ ಬಾಗಿ ದೋಣಿಯ ಅಂಚಿಗೆ ಅಪ್ಪಳಿಸಿತು. ಅಂಚನ್ನು ಹಿಡಿದಿದ್ದ ಕೆಂಪಮ್ಮನ ಬಲಗೈ ನಡುವೆ ಸಿಕ್ಕಿಕೊಂಡಿತು. ಅವಳು ಕೂಗಲಿಲ್ಲ, ಉಸಿರು ಒಳಗೆಳೆದುಕೊಂಡ ಸದ್ದು ಮಾತ್ರ ಕೇಳಿತು. ಕೂಗಿದವರು ಉಳಿದವರು. ಎಲ್ಲರೂ ಒಂದೇ ಕಡೆ ವಾಲಿ ದೋಣಿಗೆ ನೀರು ನುಗ್ಗಿತು. ಎಲ್ಲಿದ್ದೇವೆ, ದಡ ಯಾವ ಕಡೆ ಎಂಬುದು ನನಗೆ ಗೊತ್ತಿರಲಿಲ್ಲ. ಸುಟ್ಟ ಕಾಗದದ ಸುರುಳಿ ನೀರಿನಲ್ಲಿ ಬಿಚ್ಚಿಕೊಳ್ಳುತ್ತಿತ್ತು.

ಮೂಡ್ಲಯ್ಯನವರು ಕೂಗನ್ನೇ ಹಿಡಿದು ಬಂದರು. ಮಂಜಿನೊಳಗಿಂದ ಮೊದಲು ಗಳ ನೀರಿಗೆ ಬೀಳುವ ಸದ್ದು ಬಂತು, ಆಮೇಲೆ ಹರಿಗೋಲು ಬಂತು. ಒಬ್ಬೊಬ್ಬರನ್ನಾಗಿ ಎತ್ತಿಕೊಂಡರು, ನನ್ನನ್ನೂ. ಮಗಳ ಕೈಗೆ ತಮ್ಮ ತಲೆಯ ಟವಲು ಸುತ್ತಿದರು. ಆಮೇಲೆ ಬಗ್ಗಿ ನೀರಿಗೆ ಕೈ ಹಾಕಿ ಮೋಟನ್ನು ತಡವಿದರು. ಕೈಗೆ ನಾರಿನ ಹಗ್ಗದ ತುಂಡು ಸಿಕ್ಕಿತು. ಅದರ ತುದಿಯನ್ನು ಬೆರಳಿನಲ್ಲಿ ಮುಟ್ಟಿ ನೋಡಿದರು. ಜೀರ್ಣವಾಗಿ ಕಿತ್ತುಹೋದ ಹಗ್ಗದ ತುದಿ ಎಳೆಎಳೆಯಾಗಿ ಕೆದರಿರುತ್ತದೆ. ಇದು ಚಾಕುವಿನ ಬಾಯಿಗೆ ಸಿಕ್ಕಿ ಸಮನಾಗಿತ್ತು. ಅವರು ತಲೆ ಎತ್ತಿ ನನ್ನನ್ನು ನೋಡಿದರು. ನಾನು ರುದ್ರೇಶನ ಕಡೆ ನೋಡಿದೆ.

ಆಸ್ಪತ್ರೆಯಲ್ಲಿ ಕೆಂಪಮ್ಮನ ಮೂರು ಬೆರಳು ತೆಗೆದರು.

ವಾರ ಕಳೆಯುವುದರೊಳಗೆ ಮೇಲಧಿಕಾರಿ ಜೀಪಿನಲ್ಲಿ ಬಂದರು. ಅವರಿಗೆ ಮೊದಲು ಬೇಕಾಗಿದ್ದುದು ಯಂತ್ರ ಏನಾಯಿತು ಎಂಬುದು, ಆಮೇಲೆ ಯಾರ ತಪ್ಪು ಎಂಬುದು. ನನ್ನನ್ನು ಒಬ್ಬನನ್ನೇ ಕೂರಿಸಿಕೊಂಡು, ನಿನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ ಅಲ್ಲವೇ ಎಂದು ಕೇಳಿದರು. ಹೌದೆಂದೆ. ಜನರನ್ನು ದಾಟಿಸುವ ಕಡವಿನ ಹಕ್ಕು ಪಡೆದವನೇ ಅಪಾಯದ ಜಾಗಕ್ಕೆ ಗುರುತು ಕಟ್ಟಬೇಕು ಎಂದು ಪಂಚಾಯಿತಿಯ ಕರಾರಿನಲ್ಲಿ ಇದೆಯಲ್ಲ, ಗುರುತು ಇತ್ತೇ ಎಂದು ಕೇಳಿದರು. ಇರಲಿಲ್ಲ ಸಾರ್ ಎಂದೆ. ಹಾಗಾದರೆ ಅಷ್ಟೇ ಬರಿ ಎಂದರು.

ಅಷ್ಟೇ ಬರೆದೆ. ಅಪಘಾತವಾದ ಸ್ಥಳದಲ್ಲಿ ಹರಿಗೋಲಿನವನು ಕಟ್ಟಬೇಕಾಗಿದ್ದ ಯಾವ ಗುರುತುಗಳೂ ಇರಲಿಲ್ಲ. ಇಷ್ಟು ಅಚ್ಚುಕಟ್ಟಾದ ವಾಕ್ಯವನ್ನು ನಾನು ಜೀವನದಲ್ಲಿ ಮತ್ತೆ ಬರೆದಿಲ್ಲ. ಅದರಲ್ಲಿ ಒಂದೇ ಒಂದು ಸುಳ್ಳು ಪದವಿಲ್ಲ. ಹಗ್ಗ ಕೊಯ್ದದ್ದು ರುದ್ರೇಶನಿಗೆ ಗೊತ್ತಿತ್ತು, ಅವನಿಗೂ ಹೆಂಡತಿ ಮಕ್ಕಳಿದ್ದರು, ಸುಮ್ಮನಿದ್ದ. ಅವನನ್ನು ನಾನು ದೂರುವುದಿಲ್ಲ.

ಮೂಡ್ಲಯ್ಯನವರಿಗೆ ಓದು ಬಾರದು. ಹೇಳಿಕೆಯನ್ನು ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಕೆಲಸ ನನ್ನದೇ ಆಯಿತು. ಶಾಲೆಯ ಜಗುಲಿಯ ಮೇಲೆ ಓದಿದೆ. ಅವರು ನೆಲ ನೋಡುತ್ತಾ ಕೇಳಿಸಿಕೊಂಡರು.

"ಇನ್ನೊಂದ್ಸಲ ಓದಿ ಸ್ವಾಮಿ" ಎಂದರು.

ಓದಿದೆ. ಎರಡನೆಯ ಸಲ ಓದುವಾಗ ನನ್ನ ದನಿ ನಡುಗೀತೆಂದು ಹೆದರಿದ್ದೆ. ನಡುಗಲಿಲ್ಲ. ಅವರು, ಇನ್ನೂ ಏನಾದರೂ ಬರೆಯುವುದಿದೆಯೇ ಎಂದು ಕೇಳಿದರು. ಇಲ್ಲ ಎಂದೆ. "ಸರಿ. ಬರ್ದಿರೋದ್ರಲ್ಲಿ ಸುಳ್ಳಿಲ್ಲ" ಎಂದು ಹೆಬ್ಬೆಟ್ಟು ಒತ್ತಿದರು. ಶಾಯಿಯನ್ನು ಅಲ್ಲೇ ಬಿದ್ದಿದ್ದ ಮಟ್ಟೆಯ ನಾರಿಗೆ ಒರೆಸಿಕೊಂಡು ಎದ್ದು ಹೋದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಪಂಚಾಯಿತಿಯವರು ಕಡವಿನ ಹಕ್ಕನ್ನು ಅವರಿಂದ ಕಿತ್ತು ಬೇರೆಯವರಿಗೆ ಕೊಟ್ಟರು. ತಂದೆಯ ಕಾಲದಿಂದ ಬಂದಿದ್ದ ಹರಿಗೋಲನ್ನು ಅವರು ಮನೆಯ ಹಿಂದೆ ಕವುಚಿ ಹಾಕಿದರಂತೆ. ನಾನು ಅಳತೆಯ ಕಾಗದಗಳನ್ನೆಲ್ಲ ಒಣಗಿಸಿ ಜೋಡಿಸಿ ನಕ್ಷೆ ಮಾಡಿದೆ. ಅಚ್ಚುಕಟ್ಟಾಗಿದೆ ಎಂದು ಮೇಲಿನಿಂದ ಮೆಚ್ಚುಗೆಯ ಪತ್ರ ಬಂತು. ಆ ನಕ್ಷೆಯಲ್ಲಿ ಪಾಳ್ಯದ ಮುಂದಿನ ನೀರು ಸಮತಟ್ಟಾಗಿದೆ, ಒಂದು ಮೋಟೂ ಇಲ್ಲ. ಯುಗಾದಿಗೆ ಮುಂಚೆ ನನ್ನ ಕೆಲಸ ಕಾಯಂ ಆಗಿ, ಬೇರೆ ಜಿಲ್ಲೆಗೆ ವರ್ಗವೂ ಆಯಿತು. ಆಮೇಲೆ ಯಾರಾದರೂ ಬೆರಳು ಎಂದರೂ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಇಷ್ಟೆಲ್ಲ ನೆನಪಾದದ್ದು ಏರಿಯ ಮೇಲೆ ನಿಂತು. ಕಾರಿನವನು ಫೋನನ್ನು ಬೈಯುತ್ತಿದ್ದ. ನಾನು ಅವನಿಗೆ ಇಲ್ಲೇ ಇರು ಎಂದು ಹೇಳಿ ಕೆರೆಯ ಅಂಗಳಕ್ಕೆ ಇಳಿದೆ. ಮೋಟುಗಳೆಲ್ಲ ಮಣ್ಣಾಗಿವೆ, ಸಾಲುಸಾಲು ಗುಂಡಿಗಳು ಮಾತ್ರ ಉಳಿದಿವೆ. ಎಣಿಸಬಾರದೆಂದುಕೊಂಡೇ ಎಣಿಸಿದೆ.

ಪಾಳ್ಯದ ಅದೇ ಜಗುಲಿಯ ಮೇಲೆ ತಲೆ ನರೆತ ಹೆಂಗಸೊಬ್ಬಳು ಕಾಯಿ ಒಡೆಯುತ್ತಿದ್ದಳು. ಮಚ್ಚು ಎಡಗೈಯಲ್ಲಿತ್ತು. ಬಲಗೈಯ ಹೆಬ್ಬೆಟ್ಟು ಮತ್ತು ಒಂದು ಬೆರಳಿನ ನಡುವೆ ಕಾಯನ್ನು ತೊಡೆಗೆ ಒತ್ತಿ ಹಿಡಿದಿದ್ದಳು. ಪಕ್ಕದ ಮೊರದಲ್ಲಿ ಕೆಲವು ಉಂಡೆಗಳು ಇಡಿಯಾಗಿದ್ದವು, ಕೆಲವು ಸೀಳಿದ್ದವು. ಯಾರ ಮನೆಗೆ ಬಂದದ್ದು ಎಂದು ಕೇಳಿದಳು. ನಾನು ಏರಿಯಿಂದ ಇಲ್ಲಿಯವರೆಗೆ ನಡೆದು ಬಂದದ್ದು ನಿಜ ಹೇಳಲಿಕ್ಕೆ. ಬಾಯಿಂದ ಬಂದದ್ದು ಬೇರೆ.

"ದಾರಿ ತಪ್ಪಿ ಬಂದ್ವಿ ಕಣಮ್ಮ. ಕೆಂಕೆರೆಗೆ ಹೋಗಬೇಕಿತ್ತು."

ಮತ್ತೆ ಅಂಥದೇ ವಾಕ್ಯ. ಅದರಲ್ಲೂ ಸುಳ್ಳಿರಲಿಲ್ಲ. ಅವಳು ಮಚ್ಚು ಕೆಳಗಿಟ್ಟು, ಏರಿ ಮೇಲೆಯೇ ವಾಪಸು ಹೋಗಬೇಕೆಂದೂ, ತೂಬಿನ ಕಂಬ ಗುಡ್ಡದ ಸೀಳಿಗೆ ಸರಿಯಾಗಿ ಸೇರಿದಂತೆ ಕಾಣುವ ಜಾಗದಲ್ಲಿ ಎಡಕ್ಕೊಂದು ದಾರಿ ಇಳಿಯುತ್ತದೆಂದೂ ವಿವರವಾಗಿ ಹೇಳಿದಳು. ಅವಳ ಅಪ್ಪ ನೀರಿನ ಮೇಲೆ ದಾರಿ ಹಿಡಿಯುತ್ತಿದ್ದುದೂ ಅದೇ ಕಂಬ, ಅದೇ ಸೀಳಿನಿಂದ. ನಾನು ಕೈಮುಗಿದು ತಿರುಗಿದೆ. ನಾಲ್ಕು ಹೆಜ್ಜೆ ಹಾಕಿದ್ದೆನೋ ಇಲ್ಲವೋ.

"ಈ ಸಲ ಗುರ್ತು ನೋಡ್ಕಂಡು ಹೋಗಿ, ಎಂಜಿನೀರ್ ಸ್ವಾಮಿ."

ನಿಂತೆ. ಬಿಸಿಲು ನೆತ್ತಿಯ ಮೇಲಿತ್ತು. ತಿರುಗಿ ಅವಳ ಮುಖ ನೋಡಲು ಆಗದೆ ಮೊರದಲ್ಲಿದ್ದ ಸೀಳು ಕೊಬ್ಬರಿಯನ್ನು ನೋಡುತ್ತಾ ಹೇಳಿದೆ.

"ಕಾಯಿ ಕೊಯ್ದಿದ್ದು ನಾನು ಕಣಮ್ಮ."

"ಗೊತ್ತು" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ಅಪ್ಪಂಗೂ ಗೊತ್ತಿತ್ತು. ಹೆಬ್ಬೆಟ್ಟು ಒತ್ತಿ ಬಂದ ದಿನ, ಹುಡುಗ ಹೆದ್ರಿದ್ದಾನೆ, ಮನ್ಸು ತಡೀದೆ ನಾಳೆ ಬಂದು ಹೇಳ್ತಾನೆ ಬುಡು ಅಂದ್ರು. ನೀವು ಬಂದಾಗ ಮನೇಲಿಲ್ದೆ ಇದ್ರೆ ಹೆಂಗೆ ಅಂತ ಐದು ದಿನ ಎಲ್ಲಿಗೂ ಹೋಗ್ಲಿಲ್ಲ. ಈ ಜಗುಲಿ ಮೇಲೇ ಕೂತಿದ್ರು."

ಅಷ್ಟು ಹೇಳಿ ಇನ್ನೊಂದು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

ಆ ಐದು ದಿನ ನಾನು ಎಲ್ಲಿದ್ದೆ ಎಂಬುದು ನನಗೆ ಚೆನ್ನಾಗಿ ನೆನಪಿದೆ. ಚಿಕ್ಕನಾಯಕನಹಳ್ಳಿಯ ಕೋಣೆಯಲ್ಲಿ ಮೇಜಿನ ಮುಂದೆ ಕೂತು, ಮೂರು ಬಣ್ಣದ ಪೆನ್ನುಗಳಲ್ಲಿ ಆ ಕೆರೆಯ ನಕ್ಷೆ ಬರೆಯುತ್ತಿದ್ದೆ. ಸೈಕಲ್ಲು ಬಾಗಿಲ ಹೊರಗೇ ನಿಂತಿತ್ತು.